ಚೆಕ್ಕು ಅವರ ಬೀರುವಿನಲ್ಲಿ, ಬಡ್ಡಿ ನಮ್ಮ ಲೆಕ್ಕದಲ್ಲಿ

ತುಮಕೂರಿನ ಮರಳೂರು ಕಡೆ ನಾವು ಕೊಂಡ ಮನೆಗೆ 48 ಲಕ್ಷ. 30-40 ಸೈಟು, ಕೆಳಗೆ ಎರಡು ಬೆಡ್‌ರೂಮಿನ ಮನೆ, ಮೇಲೆ ಆಮೇಲೆ ಕಟ್ಟಿಸಿದ ಒಂದು ರೂಮು. ಮಾರಿದವರು ನಿವೃತ್ತ ಶಿಕ್ಷಕಿ, ಬೀದಿಯವರಿಗೆಲ್ಲ ಟೀಚರಮ್ಮ. ಅವರ ಗಂಡ ತೀರಿಕೊಂಡಿದ್ದಾರೆ, ಬೆಂಗಳೂರಿನಲ್ಲಿರುವ ಮಗ ಕರೆಯುತ್ತಿದ್ದಾನೆ, ಅದಕ್ಕೇ ಮಾರಾಟ. 2025ರ ಜೂನ್ ಮೊದಲ ವಾರ ಕ್ರಯದ ಕರಾರು ಆಯಿತು. ಐದು ಲಕ್ಷ ಅಡ್ವಾನ್ಸ್, ಮೂರು ತಿಂಗಳ ಗಡುವು. ನಮ್ಮನೆಯವರ ಪಿಎಫ್, ನನ್ನ ಉಳಿತಾಯ ಎಲ್ಲ ಸೇರಿ 12 ಲಕ್ಷ ಕೈಯಲ್ಲಿತ್ತು. ಉಳಿದ 36 ಲಕ್ಷಕ್ಕೆ ಸಾಲ. ಸ್ಟಾಂಪು, ನೋಂದಣಿಗೆ ಬೇರೆ ಎತ್ತಿಟ್ಟಿದ್ದೆವು.

ಮೊದಲು ಹೋಗಿದ್ದು ಸಂಬಳ ಬರುವ ಸರ್ಕಾರಿ ಬ್ಯಾಂಕಿಗೆ. ಮ್ಯಾನೇಜರ್ ಪೇಪರ್ ತಿರುವಿ ಹಾಕಿ, 'ಮೇಲಿನ ರೂಮಿಗೆ ಪ್ಲಾನ್ ಇಲ್ಲಮ್ಮ, ನಮ್ಮಲ್ಲಿ ಆಗಲ್ಲ' ಅಂದರು. ಐದು ನಿಮಿಷದಲ್ಲಿ ಮಾತು ಮುಗಿಯಿತು. ಆಗ ಬೇಜಾರಾಗಿತ್ತು. ಆಮೇಲೆ ಆಗಿದ್ದನ್ನೆಲ್ಲ ನೋಡಿದರೆ ಆ ಮನುಷ್ಯನ ಮೇಲೆ ಗೌರವ ಬರುತ್ತದೆ.

ಬ್ಯಾಂಕು ಬಿಟ್ಟ ಮೇಲೆ ಉಳಿದಿದ್ದು ಹೌಸಿಂಗ್ ಫೈನಾನ್ಸ್ ಕಂಪನಿ. ಹೆಸರು ಬೇಡ. ಬಿ.ಎಚ್. ರಸ್ತೆಯಲ್ಲಿ, ಸ್ವೀಟ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಬ್ರಾಂಚು. ಗೋಡೆ ತುಂಬ ಬೀಗದ ಕೈ ಹಿಡಿದು ನಗುವ ಗಂಡ ಹೆಂಡತಿ ಫೋಟೋ. ನಮ್ಮ ಫೈಲ್ ತೆಗೆದುಕೊಂಡ ಹುಡುಗ ತುಂಬಾ ಚುರುಕು. ಮನೆಗೇ ಬಂದು ಪೇಪರ್ ಎಲ್ಲ ಫೋಟೋ ಹೊಡೆದುಕೊಂಡ. 'ಮೇಡಂ, ಪ್ಲಾನ್ ವಿಷ್ಯ ನಾನ್ ನೋಡ್ಕೋತೀನಿ. ಎರಡೇ ವಾರ, ಚೆಕ್ ನಿಮ್ಮ ಕೈಲಿ' ಅಂದ. ಬಡ್ಡಿ ಎಷ್ಟಪ್ಪ ಅಂದರೆ, 'ಎಂಟೂವರೆ ಹತ್ರ ಬರುತ್ತೆ ಮೇಡಂ. ಆರ್‌ಬಿಐ ಇಳಿಸ್ತಾನೇ ಇದೆಯಲ್ಲ' ಅಂದ.

ಇಳಿಸಿದ್ದು ನಿಜವೇ. ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ ರೆಪೊ ದರ ಅನ್ನುತ್ತಾರೆ. ಫೆಬ್ರವರಿಯಲ್ಲಿ 6.5 ಇದ್ದ ಅದು 6.25 ಆಯಿತು, ಏಪ್ರಿಲ್‌ನಲ್ಲಿ 6, ಜೂನ್‌ನಲ್ಲಿ 5.5. ಆದರೆ ಆ ಇಳಿಕೆ ತಾನಾಗಿ ತಟ್ಟುವುದು ಬ್ಯಾಂಕಿನಲ್ಲಿ ಸಾಲ ಮಾಡಿದವರಿಗೆ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್, ಅಂದರೆ ಬಡ್ಡಿ ಏರಿಳಿಯುವ, ಮನೆ ಸಾಲವನ್ನು ರೆಪೊದಂಥ ಹೊರಗಿನ ದರಕ್ಕೆ ಕಟ್ಟಲೇಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗೆ ಆ ಕಟ್ಟು ಇಲ್ಲ. ಪಿಎಲ್‌ಆರ್ ಅಂತ ಅವರದ್ದೇ ಒಂದು ಮೂಲ ಬಡ್ಡಿ ದರ ಇರುತ್ತದೆ, ಅದನ್ನು ಯಾವಾಗ, ಎಷ್ಟು ಇಳಿಸಬೇಕು ಅನ್ನುವುದು ಅವರಿಗೆ ಬಿಟ್ಟಿದ್ದು. ಸ್ಯಾಂಕ್ಷನ್ ಲೆಟರ್ ಬಂದಾಗ ಅದರಲ್ಲಿದ್ದಿದ್ದು 9.25. ಹುಡುಗನನ್ನು ಕೇಳಿದರೆ, 'ಪ್ಲಾನ್ ಡೀವಿಯೇಷನ್ ಇದೆಯಲ್ಲ ಮೇಡಂ' ಅಂದ. ಅದನ್ನು ನೋಡ್ಕೋತೀನಿ ಅಂದಿದ್ದವನೂ ಅವನೇ.

ಲಾಗಿನ್ ಫೀ ಅಂತ ಮೊದಲ ದಿನವೇ 5,900 ಕಟ್ಟಿಸಿಕೊಂಡಿದ್ದರು. ಸಾಲ ಆಗಲಿ ಬಿಡಲಿ, ವಾಪಸ್ ಬರಲ್ಲ. ಜುಲೈ ಮೊದಲ ವಾರ 36 ಲಕ್ಷಕ್ಕೆ ಸ್ಯಾಂಕ್ಷನ್ ಆಯಿತು ಅಂತ ಲೆಟರ್ ಬಂತು. ಟೀಚರಮ್ಮನಿಗೆ ತೋರಿಸಿದೆವು, ಅವರೂ ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಶುರು ಮಾಡಿದರು. ಲೆಟರಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, 'ಲೀಗಲ್ ಮತ್ತು ಟೆಕ್ನಿಕಲ್ ವರದಿಗೆ ಒಳಪಟ್ಟು' ಅಂತ ಇತ್ತು. ಅಸಲಿ ಆಟ ಅಲ್ಲಿಂದ ಆಚೆಗೆ.

ಕಂಪನಿಯ ಪ್ಯಾನೆಲ್ ವಕೀಲರು ನಮ್ಮ ಪತ್ರಗಳನ್ನು ನೋಡಿ ಒಂದು ಕ್ವೆರಿ ಹಾಕಿದರು. 2004ಕ್ಕಿಂತ ಹಿಂದಿನ ಇ.ಸಿ., ಅಂದರೆ ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ, ಬೇಕು ಅಂತ. ಸರಿ, ಕೇಳಬೇಕಾದ್ದೇ. ಹಳೆಯ ಇ.ಸಿ. ಆನ್‌ಲೈನ್‌ನಲ್ಲಿ ಸಿಗುವುದಿಲ್ಲ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ದಪ್ಪ ಪುಸ್ತಕ ತೆಗೆದು ನೋಡಿ ಕೊಡಬೇಕು. ನಮ್ಮನೆಯವರು ಕೆಲಸಕ್ಕೆ ರಜೆ ಹಾಕಿ ಮಾಡಿಸಿ ತಂದರು. ಕೊಟ್ಟೆವು. ಆಮೇಲೆ ಲೇಔಟಿನ ಕನ್ವರ್ಷನ್ ಆರ್ಡರ್ (ಕೃಷಿ ಜಮೀನನ್ನು ಮನೆ ಕಟ್ಟಲು ಬದಲಿಸಿದ ಆದೇಶ) ದೃಢೀಕೃತ ಪ್ರತಿ ಅಂದರು. ಡಿಸಿ ಆಫೀಸಿನ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ, ಕಾದು, ತಂದು ಕೊಟ್ಟೆವು. ಆಮೇಲೆ ಲೇಔಟ್ ಆಗುವ ಮೊದಲು ಜಮೀನು ಯಾರದಿತ್ತೋ ಆ ರೈತರ ವಂಶವೃಕ್ಷ ಅಂದರು. ಉಪ್ಪು ತಂದರೆ ಹುಣಸೆಹಣ್ಣಿಗೆ, ಹುಣಸೆಹಣ್ಣು ತಂದರೆ ಬೆಲ್ಲಕ್ಕೆ ಅಂತ ಮಗುವನ್ನು ಅಂಗಡಿಗೆ ಓಡಿಸಿದ ಹಾಗೆ.

ಆ ಪತ್ರಗಳು ಅನಗತ್ಯ ಅಂತ ನಾನು ಹೇಳುತ್ತಿಲ್ಲ. ಬಿಗಿಯಾಗಿ ನೋಡಿದಷ್ಟೂ ನಮಗೇ ಒಳ್ಳೆಯದು, ಮೂವತ್ತು ವರ್ಷದ ಟೈಟಲ್ ನೋಡದೆ ಮನೆ ಕೊಳ್ಳುವುದು ಹುಚ್ಚುತನ. ಆದರೆ ಮೂರನ್ನೂ ಒಂದೇ ಚೀಟಿಯಲ್ಲಿ ಬರೆದು ಕೊಡೋಕೆ ಏನು ರೋಗ? ಒಂದೊಂದು ಕ್ವೆರಿಯೂ ವಕೀಲರಿಂದ ಬೆಂಗಳೂರಿನ ಕ್ರೆಡಿಟ್ ಟೀಮಿಗೆ ಹೋಗಿ, ಅಲ್ಲಿಂದ ಬ್ರಾಂಚಿಗೆ ಇಳಿದು, ಬ್ರಾಂಚಿನಿಂದ ನಮಗೆ ವಾಟ್ಸಾಪ್ ಬರಬೇಕು. ನಾವು ಕೊಟ್ಟ ಪೇಪರ್ ಅದೇ ದಾರಿಯಲ್ಲಿ ಮೇಲೆ ಹತ್ತಬೇಕು. ವಕೀಲರ ಆಫೀಸ್ ಇದ್ದಿದ್ದು ನಮ್ಮ ಊರಲ್ಲೇ, ಬ್ರಾಂಚಿನಿಂದ ನಡೆದು ಹೋಗುವ ದೂರ. ನಾವೇ ಹೋಗಿ ಮಾತಾಡ್ತೀವಿ ಅಂದರೆ, 'ಕಸ್ಟಮರ್ ವಕೀಲರನ್ನ ಮೀಟ್ ಮಾಡೋ ಹಾಗಿಲ್ಲ ಮೇಡಂ, ಪಾಲಿಸಿ.'

ಈ ನಡುವೆ ಚುರುಕು ಹುಡುಗ ಫೋನ್ ಎತ್ತುವುದು ನಿಲ್ಲಿಸಿದ. ಬ್ರಾಂಚಿಗೆ ಹೋಗಿ ಕೇಳಿದರೆ ಅವನು ಕೆಲಸ ಬಿಟ್ಟು ಬೇರೆ ಕಂಪನಿಗೆ ಸೇರಿದ್ದಾನಂತೆ. ಅವನನ್ನು ಬೈಯುವುದಕ್ಕೂ ಮನಸ್ಸು ಬರಲಿಲ್ಲ. ಅವನ ಟಾರ್ಗೆಟ್ ಇದ್ದಿದ್ದು ಫೈಲ್ ಲಾಗಿನ್ ಮಾಡಿಸುವುದಕ್ಕೆ, ನಮ್ಮ ರಿಜಿಸ್ಟ್ರೇಷನ್ ಮಾಡಿಸುವುದಕ್ಕಲ್ಲ. ಅವನ ಜಾಗಕ್ಕೆ ಬಂದಾಕೆ ನಮ್ಮ ಫೈಲಿನ ರಬ್ಬರ್ ಬ್ಯಾಂಡ್ ಬಿಚ್ಚಿ, ಮೊದಲ ಪುಟ ನೋಡಿ, 'ಸೈಟ್ ಪರ್ಚೇಸಾ ಮೇಡಂ?' ಅಂತ ಕೇಳಿದಳು. ಮತ್ತೆ ಮೊದಲಿಂದ ಹೇಳಿದೆವು.

ಕಸ್ಟಮರ್ ಕೇರ್ ನಂಬರ್ ಕಥೆ ಎಲ್ಲರಿಗೂ ಗೊತ್ತಿರುವುದೇ. ಕನ್ನಡಕ್ಕೆ 3 ಒತ್ತಿ ಅನ್ನುತ್ತದೆ. ಒತ್ತಿದರೆ ಆ ಕಡೆಯಿಂದ, 'ಹಿಂದಿ ಯಾ ಇಂಗ್ಲಿಷ್, ಮ್ಯಾಮ್?' ಇಂಗ್ಲಿಷಿನಲ್ಲೇ ಹೇಳಿದರೆ, ನಿಮ್ಮ ಬ್ರಾಂಚನ್ನು ಸಂಪರ್ಕಿಸಿ ಅನ್ನುತ್ತಾರೆ. ಬ್ರಾಂಚಿನವರು ಕಸ್ಟಮರ್ ಕೇರಿಗೆ ಫೋನ್ ಮಾಡಿ ಅನ್ನುತ್ತಾರೆ. ಎಲ್ಲರೂ ಮರ್ಯಾದೆಯಾಗೇ ಮಾತಾಡುತ್ತಾರೆ, ಅದರಲ್ಲಿ ದೂರಿಲ್ಲ. ಸಾಲ ಮಾರಿದವನೊಬ್ಬ, ಪರೀಕ್ಷೆ ಮಾಡುವವನೊಬ್ಬ, ಮಂಜೂರು ಮಾಡುವವನು ಬೇರೆ ಊರಲ್ಲಿ, ಚೆಕ್ ಬರೆಯುವವನು ಇನ್ನೆಲ್ಲೋ. ಫೈಲಿಗೆ ಯಜಮಾನನೇ ಇಲ್ಲ.

ಬೆಲೆ ಕಟ್ಟಲು ಬಂದ ಟೆಕ್ನಿಕಲ್ ಮನುಷ್ಯ ಹತ್ತು ನಿಮಿಷ ಇದ್ದ. ಗೇಟಿನ ಮುಂದೆ ನನ್ನನ್ನು ನಿಲ್ಲಿಸಿ ಒಂದು ಫೋಟೋ, ಕರೆಂಟ್ ಮೀಟರಿನದೊಂದು, ಸಂಪಿನ ಮುಚ್ಚಳ ಎತ್ತಿಸಿ ಒಂದು. ಟೇಪ್ ಹಿಡಿದು ಎರಡು ಗೋಡೆ ಅಳೆದ. ಮೇಲಿನ ರೂಮಿಗೆ ಹತ್ತಲೇ ಇಲ್ಲ, ಪ್ಲಾನ್ ಇಲ್ಲದ್ದಕ್ಕೆ ಬೆಲೆ ಇಲ್ಲವಂತೆ. ಅವನ ವರದಿಯಲ್ಲಿ ಮನೆಯ ಬೆಲೆ 43 ಲಕ್ಷ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಬೆಲೆಯ ಶೇ 80ಕ್ಕಿಂತ ಜಾಸ್ತಿ ಕೊಡಬಾರದು ಅಂತ ನಿಯಮವೇ ಇದೆ. ಹಾಗಾಗಿ 36 ಲಕ್ಷ ಹೋಗಿ 34.4 ಲಕ್ಷ ಆಯಿತು. ಇದೂ ನಿಯಮದ ಪ್ರಕಾರವೇ, ಒಪ್ಪೋಣ. ಆದರೆ ಮೇಲಿನ ರೂಮಿಗೆ ಪ್ಲಾನ್ ಇಲ್ಲ ಅನ್ನುವುದು ಮೊದಲ ದಿನದಿಂದ ಗೊತ್ತಿದ್ದ ವಿಷಯ. ಅದನ್ನು ಆಗಸ್ಟಿನಲ್ಲಿ, ಕರಾರಿನ ಗಡುವು ಮುಗಿಯುವ ಹೊತ್ತಿಗೆ ಹೇಳಿದರು. ಕಡಿಮೆ ಬಿದ್ದ 1.6 ಲಕ್ಷಕ್ಕೆ ನನ್ನ ಬಳೆ, ಸರ ಅಡ ಇಟ್ಟೆವು.

ಇನ್ಶೂರೆನ್ಸ್ ವಿಷಯಕ್ಕೂ ಒಂದು ಜಗಳ ಆಯಿತು. ಸಾಲದ ಜೊತೆ ಒಂದು ಲಕ್ಷದ ಮೇಲಿನ ಪ್ರೀಮಿಯಂ ಸೇರಿಸಿ ಕಂತು ಹಾಕಿದ್ದರು. ಸಾಲದ ಮುಖ್ಯ ವಿವರಗಳ ಪಟ್ಟಿ ಅಂತ ಒಂದು ಕೊಡಲೇಬೇಕು, 2024ರ ಅಕ್ಟೋಬರ್‌ನಿಂದ ಹೊಸ ಮನೆ ಸಾಲಕ್ಕೆಲ್ಲ ಇದು ಕಡ್ಡಾಯ, ಕೆಎಫ್‌ಎಸ್ ಅನ್ನುತ್ತಾರೆ. ಬಡ್ಡಿ, ಫೀ, ಇನ್ಶೂರೆನ್ಸ್ ಎಲ್ಲ ಅದರಲ್ಲಿ ಬರಬೇಕು. ಅದನ್ನು ಕೇಳಿ ತೆಗೆದುಕೊಂಡಿದ್ದರಿಂದಲೇ ಪ್ರೀಮಿಯಂ ಕಣ್ಣಿಗೆ ಬಿತ್ತು. 'ಇಲ್ಲದಿದ್ರೆ ಸಿಸ್ಟಂ ತಗೊಳ್ಳಲ್ಲ ಮೇಡಂ' ಅಂದರು. ಹಾಗಂತ ಬರೆದು ಕೊಡಿ ಅಂದೆ. ಮಾರನೇ ದಿನ ಸಿಸ್ಟಂ ತಗೊಂಡಿತು. ನಮ್ಮನೆಯವರಿಗೆ ಬೇರೆ ಟರ್ಮ್ ಪಾಲಿಸಿ ಮೊದಲೇ ಇದೆ, ಇಲ್ಲದವರು ಮಾಡಿಸುವುದು ಒಳ್ಳೆಯದೇ. ಆದರೆ ಅದಕ್ಕೂ ಇಪ್ಪತ್ತು ವರ್ಷ ಬಡ್ಡಿ ಕಟ್ಟುವ ಹಾಗೆ ಸಾಲದ ಒಳಗೆ ತುರುಕುವುದಲ್ಲ.

ಸ್ವಾತಂತ್ರ್ಯ ದಿನ ಕಳೆದ ಮೇಲೆ ಪತ್ರ ಬರಹಗಾರರ ಹತ್ತಿರ ಕ್ರಯಪತ್ರದ ಕರಡು ಮಾಡಿಸಿ ಕಂಪನಿಗೆ ಕಳಿಸಿದೆವು. ಅವರ ವಕೀಲರು ಸರಿ ಅನ್ನದೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕುವಂತಿಲ್ಲ, ದುಡ್ಡು ಕಟ್ಟುವಂತಿಲ್ಲ. ಇ-ಖಾತಾ ಇತ್ತು, ಇಲ್ಲದಿದ್ದರೆ ನೋಂದಣಿಯೇ ಆಗುತ್ತಿರಲಿಲ್ಲ. ಎಲ್ಲ ಸಿದ್ಧ. ಆ ಎರಡು ಪುಟದ ಕರಡಿಗೆ ಒಪ್ಪಿಗೆ ಮಾತ್ರ ಬರಲಿಲ್ಲ. ದಿನಾ ಕೇಳುವುದು, ದಿನಾ 'ಇವತ್ತು ಸಂಜೆ ಮೇಡಂ.' ಆಗಸ್ಟ್ 26ಕ್ಕೆ ಗೌರಿ, 27ಕ್ಕೆ ಗಣೇಶ. 'ಹಬ್ಬ ಮುಗೀಲಿ ಮೇಡಂ' ಅಂದರು. ಹಬ್ಬ ಮುಗಿಯುವುದರೊಳಗೆ ಸರ್ಕಾರ ನೋಂದಣಿ ಶುಲ್ಕವನ್ನು ಶೇ 1ರಿಂದ ಶೇ 2ಕ್ಕೆ ಏರಿಸಿತು. ಜಾರಿ ಆಗಸ್ಟ್ 31ರಿಂದಲೇ. 48 ಸಾವಿರ ಕಟ್ಟಬೇಕಾದ ಕಡೆ 96 ಸಾವಿರ. ಶುಲ್ಕ ಏರಿಸಿದ್ದು ಕಂಪನಿಯಲ್ಲ, ನಿಜ. ಆದರೆ ಎರಡು ಪುಟ ಓದಲು ಅವರು ತೆಗೆದುಕೊಂಡ ಸಮಯದ ಬೆಲೆ ನಮ್ಮ ಲೆಕ್ಕದಲ್ಲಿ 48 ಸಾವಿರ. ಅದರ ಮೇಲೆ ಸ್ಟಾಂಪ್ ಡ್ಯೂಟಿ, ಸೆಸ್, ಸರ್ಚಾರ್ಜ್ ಸೇರಿ ಶೇ 5.6 ಬೇರೆ.

ಒಪ್ಪಿಗೆ ಬಂದಿದ್ದು ಸೆಪ್ಟೆಂಬರ್ ಒಂದಕ್ಕೆ. ನಾಲ್ಕನೇ ತಾರೀಖು, ಗುರುವಾರ, ಸ್ಲಾಟ್ ಸಿಕ್ಕಿತು. ಟೀಚರಮ್ಮ ಮಗನ ಜೊತೆ ಬಂದರು. ಸಾಕ್ಷಿ ಹಾಕುವವರು ಬಂದರು. ಕಂಪನಿಯ ಮನುಷ್ಯ ಚೆಕ್ ತೆಗೆದುಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೇ ಬರಬೇಕು, ಸಹಿ ಆದ ಮೇಲೆ ಕೈಗೆ ಕೊಡಬೇಕು, ಮೂಲ ಪತ್ರ ತೆಗೆದುಕೊಂಡು ಹೋಗಬೇಕು. ಅವನು ತಡವಾಗಿ ಬಂದ. ಪ್ಲಾಸ್ಟಿಕ್ ಕವರಿನಿಂದ ಚೆಕ್ ತೆಗೆದ. ಟೀಚರಮ್ಮ ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ನಿಧಾನಕ್ಕೆ ಓದಿದರು. ಜೀವಮಾನವಿಡೀ ಉತ್ತರ ಪತ್ರಿಕೆ ನೋಡಿದ ಕಣ್ಣು.

'ಇದರಲ್ಲಿ ನನ್ನ ಹೆಸರೇ ಇಲ್ಲವಲ್ಲಪ್ಪ?'

ಚೆಕ್ ಮಗನ ಹೆಸರಿನಲ್ಲಿತ್ತು. ಮನೆ ಇರುವುದು ಟೀಚರಮ್ಮನ ಹೆಸರಿನಲ್ಲಿ, ಖಾತಾ ಅವರದು, ಕರಾರು ಅವರದು, ಕ್ರಯಪತ್ರದಲ್ಲಿ ಮಾರುವವರು ಅವರೊಬ್ಬರೇ. ಮಗ ಯಾವತ್ತೋ ಅಮ್ಮನ ಪಾಸ್‌ಬುಕ್ ಫೋಟೋವನ್ನು ತನ್ನ ಫೋನಿನಿಂದ ಕಳಿಸಿದ್ದ. ಕಂಪನಿಯಲ್ಲಿ ಯಾರೋ ಕಳಿಸಿದವನ ಹೆಸರನ್ನೇ ಚೆಕ್ಕಿಗೆ ಏರಿಸಿಬಿಟ್ಟಿದ್ದರು. ಬಂದವನು ಬ್ರಾಂಚಿಗೆ ಫೋನ್ ಮಾಡಿದ, ಬ್ರಾಂಚಿನವರು ಬೆಂಗಳೂರಿಗೆ ಮಾಡಿದರು. ಸ್ಪೀಕರ್ ಹಾಕಿ ನಮ್ಮ ಮುಂದೆಯೇ ಮಾತು. ಆ ಕಡೆಯವರು ಹೇಳಿದ್ದು ಕೇಳಿ ನಾನು ದಂಗಾದೆ: 'ಮಗ ತಾನೇ? ಅಡ್ಜಸ್ಟ್ ಮಾಡ್ಕೊಳಕ್ಕೆ ಹೇಳಿ.'

ಟೀಚರಮ್ಮ ಅಡ್ಜಸ್ಟ್ ಮಾಡಿಕೊಳ್ಳಲಿಲ್ಲ. ಯಾಕೆ ಮಾಡಿಕೊಳ್ಳಬೇಕು? ಮಗನೇ, 'ಬೇಡಮ್ಮ, ಸರಿ ಮಾಡಿಸಿಕೊಂಡೇ ಬರಲಿ' ಅಂದ. ಸ್ಲಾಟ್ ಹೋಯಿತು.

ಹೊಸ ಚೆಕ್ ಸೋಮವಾರ ಕೊಡ್ತೀವಿ ಅಂದರು. ಆ ಸೋಮವಾರದಿಂದ ಪಿತೃಪಕ್ಷ. 'ಪಕ್ಷ ಮುಗಿಯೋವರೆಗೂ ನಾನು ಸಹಿ ಹಾಕಲ್ಲಮ್ಮ, ತಪ್ಪು ತಿಳ್ಕೋಬೇಡ. ಯಜಮಾನರು ಕಟ್ಟಿಸಿದ ಮನೆ' ಅಂದರು ಟೀಚರಮ್ಮ. ಅವರಿಗೆ ಏನಂತ ಹೇಳುವುದು? ನಮ್ಮ ಅತ್ತೆಯೂ ಅದನ್ನೇ ಹೇಳಿದರು, ಪಕ್ಷದಲ್ಲಿ ಮನೆ ವಿಚಾರ ಬೇಡ ಅಂತ. ಕರಾರಿನ ಗಡುವು ಮುಗಿದಿತ್ತು. ಬೇರೆಯವರಾಗಿದ್ದರೆ ಬೆಲೆ ಏರಿಸುತ್ತಿದ್ದರು, ಅಡ್ವಾನ್ಸ್ ಮುಟ್ಟುಗೋಲು ಅನ್ನುತ್ತಿದ್ದರು. ಅವರು ಕರಾರಿನ ಹಿಂಬದಿಯಲ್ಲಿ ಒಂದು ತಿಂಗಳು ವಿಸ್ತರಿಸಿದ್ದೇವೆ ಅಂತ ದುಂಡಗೆ ಬರೆದು ಸಹಿ ಹಾಕಿ ಕೊಟ್ಟರು. ಮಹಾಲಯ ಅಮಾವಾಸ್ಯೆ ಕಳೆದು, ನವರಾತ್ರಿ ಶುರುವಾದ ಮೇಲೆ, ಸೆಪ್ಟೆಂಬರ್ 24ಕ್ಕೆ ನೋಂದಣಿ ಆಯಿತು. ಈ ಸಲ ಚೆಕ್ಕಿನಲ್ಲಿ ಹೆಸರು ಸರಿಯಿತ್ತು. ಫೋಟೋ, ಬೆರಳಚ್ಚು, ಸಹಿ, ಎಲ್ಲ ಅರ್ಧ ಗಂಟೆ.

ಮೊದಲ ಸ್ಟೇಟ್‌ಮೆಂಟ್ ಬಂದಾಗ ನೋಡಿದರೆ ಬಡ್ಡಿ ಶುರುವಾದ ತಾರೀಖು ಸೆಪ್ಟೆಂಬರ್ 3. ಹೆಸರು ತಪ್ಪಿದ್ದ, ಕ್ಯಾನ್ಸಲ್ ಆಗಿದ್ದ, ಯಾರ ಕೈಗೂ ಸೇರದೆ ವಾಪಸ್ ಹೋದ ಆ ಮೊದಲ ಚೆಕ್ಕಿನ ತಾರೀಖು ಅದು. 34.4 ಲಕ್ಷಕ್ಕೆ 9.25ರಂತೆ ದಿನಕ್ಕೆ 870 ರೂಪಾಯಿಯ ಮೇಲೆ. ಒಟ್ಟು 18 ಸಾವಿರ ಚಿಲ್ಲರೆ. ಅವರ ತಪ್ಪಿಗೆ, ಅವರ ಬೀರುವಿನಲ್ಲಿದ್ದ ದುಡ್ಡಿಗೆ, ನಮ್ಮಿಂದ ಬಡ್ಡಿ.

ಬ್ರಾಂಚಿನಲ್ಲಿ ಕೇಳಿದೆ. 'ಚೆಕ್ ಡೇಟಿಂದಲೇ ಮೇಡಂ, ಎಲ್ಲಾ ಕಡೆ ಹಾಗೇನೇ' ಅಂದರು. ಎಲ್ಲಾ ಕಡೆ ಹಾಗೇ ನಡೆಯುತ್ತಿದೆ ಅಂತ ಆರ್‌ಬಿಐಗೂ ಗೊತ್ತಾಗಿತ್ತು, ಅದಕ್ಕೇ 2024ರ ಏಪ್ರಿಲ್ 29ಕ್ಕೆ ಒಂದು ಸುತ್ತೋಲೆ ಹೊರಡಿಸಿದೆ. ಸಾಲ ಮಂಜೂರಾದ ದಿನದಿಂದ, ಸಾಲದ ಕರಾರಿಗೆ ಸಹಿ ಹಾಕಿದ ದಿನದಿಂದ ಬಡ್ಡಿ ಹಾಕುವುದು, ಚೆಕ್ ಕೊಡುವುದು ಎಷ್ಟೋ ದಿನ ಆದ ಮೇಲಾದರೂ ಚೆಕ್ಕಿನ ತಾರೀಖಿನಿಂದಲೇ ಬಡ್ಡಿ ಹಾಕುವುದು, ಇವೆಲ್ಲ ನ್ಯಾಯವಲ್ಲ ಅಂತ ಅದರಲ್ಲಿ ನೇರವಾಗಿ ಇದೆ. ಜಾಸ್ತಿ ತೆಗೆದುಕೊಂಡಿದ್ದನ್ನು ವಾಪಸ್ ಕೊಡಲು ಹೇಳಿದ್ದೇವೆ, ಚೆಕ್ಕಿನ ಬದಲು ಆನ್‌ಲೈನ್‌ನಲ್ಲಿ ಹಣ ಕಳಿಸುವುದನ್ನು ಪ್ರೋತ್ಸಾಹಿಸುತ್ತಿದ್ದೇವೆ ಅಂತಲೂ ಅದರಲ್ಲಿದೆ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೂ ಇದು ಅನ್ವಯ. ಆ ಸುತ್ತೋಲೆಯ ಪ್ರಿಂಟ್ ತೆಗೆದು ಬ್ರಾಂಚಿನ ಮೇಜಿನ ಮೇಲೆ ಇಟ್ಟೆ. ಆಕೆ ಅದರ ಫೋಟೋ ತೆಗೆದುಕೊಂಡಳು. ಅಷ್ಟೇ.

ಆಮೇಲೆ ಬಾಯಿ ಮಾತು ಬಿಟ್ಟು ಬರವಣಿಗೆಗೆ ಇಳಿದೆ. ಕಂಪನಿಯ ದೂರು ವಿಭಾಗಕ್ಕೆ ಮೇಲ್: ಸಾಲದ ನಂಬರ್, ಎರಡೂ ಚೆಕ್ಕಿನ ತಾರೀಖು, ನೋಂದಣಿ ತಾರೀಖು, ಸುತ್ತೋಲೆ, ವಾಪಸ್ ಬೇಕಾದ ಮೊತ್ತ. ಕಥೆ ಬರೆಯಲಿಲ್ಲ, ಸಿಟ್ಟು ತೋರಿಸಲಿಲ್ಲ. ಎರಡು ದಿನಕ್ಕೆ ಮೆಸೇಜ್ ಬಂತು, ನಿಮ್ಮ ಸಮಸ್ಯೆ ಬಗೆಹರಿದಿದೆ, ಟಿಕೆಟ್ ಮುಕ್ತಾಯವಾಗಿದೆ ಅಂತ. ಏನು ಬಗೆಹರಿಯಿತು ಅಂತ ಮಾತ್ರ ಇಲ್ಲ. ಅದನ್ನೂ ಸೇರಿಸಿ ಮತ್ತೆ ಮೇಲಿನವರಿಗೆ ಬರೆದೆ. ಉತ್ತರ ಇಲ್ಲ.

ಪಕ್ಕದ ಮನೆಯ ನಿವೃತ್ತ ಬ್ಯಾಂಕಿನವರು ಗ್ರಾಹಕರ ದೂರು ನೋಡುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹಾಕಿ ಅಂದಿದ್ದರು. ವಿಚಾರಿಸಿದರೆ, ಆಗ ಜಾರಿಯಲ್ಲಿದ್ದ 2021ರ ಒಂಬುಡ್ಸ್‌ಮನ್ ಯೋಜನೆಯಲ್ಲಿ ಬ್ಯಾಂಕುಗಳು ಬರುತ್ತಿದ್ದವು, ಹೌಸಿಂಗ್ ಫೈನಾನ್ಸ್ ಕಂಪನಿಗಳನ್ನು ಹೊರಗಿಟ್ಟಿದ್ದರು. ಇವರ ಮೇಲಿನ ದೂರು ಹೋಗಬೇಕಾದ್ದು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ. ಅದಕ್ಕೆ ಗ್ರಿಡ್ಸ್ ಅಂತ ಒಂದು ಪೋರ್ಟಲ್ ಇದೆ. ಮೊದಲು ಕಂಪನಿಗೆ ದೂರು ಕೊಟ್ಟಿರಬೇಕು, ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಅಲ್ಲಿಗೆ. ಮನೆ ಸಾಲ ಅಂದರೆ ಎಲ್ಲರ ಬಾಯಲ್ಲೂ ಬ್ಯಾಂಕ್ ಲೋನ್ ಅಂತಲೇ ಬರುತ್ತದೆ, ಆದರೆ ದೂರು ಕೊಡುವ ಹೊತ್ತಿಗೆ ಸಾಲ ಕೊಟ್ಟವರು ಬ್ಯಾಂಕೋ ಕಂಪನಿಯೋ ಅನ್ನುವುದು ಮುಖ್ಯವಾಗುತ್ತದೆ.

ತಿಂಗಳು ಕಳೆದ ಮೇಲೆ ಗ್ರಿಡ್ಸ್‌ನಲ್ಲಿ ಹಾಕಿದೆ. ಆಮೇಲೆ ಕಂಪನಿಯ ಹೆಡ್ ಆಫೀಸಿನಿಂದ ಒಬ್ಬರು ಫೋನ್ ಮಾಡಿದರು. ಧಾರವಾಡ ಕಡೆಯ ಕನ್ನಡ. ಫೈಲ್ ಪೂರ್ತಿ ಓದಿಕೊಂಡೇ ಮಾಡಿದ್ದರು! ಜೂನ್‌ನಿಂದ ಅಲ್ಲಿವರೆಗೆ ನಾನು ಮೊದಲಿಂದ ಹೇಳದೆ ಮಾತು ಶುರುವಾದ ಒಂದೇ ಫೋನ್ ಅದು. 'ಅದು ನಮ್ದೇ ತಪ್ಪರೀ ಮೇಡಂ, ಬಡ್ಡಿ ತಿರುಗಿ ಹಾಕ್ತೇವಿ' ಅಂದರು. ಮುಂದಿನ ಸ್ಟೇಟ್‌ಮೆಂಟಿನಲ್ಲಿ 18 ಸಾವಿರ ಚಿಲ್ಲರೆ ಅಸಲಿಗೆ ಜಮಾ ಆಗಿತ್ತು. ನೋಂದಣಿ ಶುಲ್ಕದ 48 ಸಾವಿರ ಕೇಳಿದ್ದಕ್ಕೆ ಬರವಣಿಗೆಯಲ್ಲೇ ಇಲ್ಲ ಅಂದರು, ಸರ್ಕಾರದ ಶುಲ್ಕಕ್ಕೆ ಕಂಪನಿ ಹೊಣೆಯಲ್ಲ ಅಂತ. ಅದು ಹೋಗಿದ್ದು ಹೋಯಿತು.

ಅದೇ ಫೋನಿನಲ್ಲಿ ಇನ್ನೊಂದು ಕೇಳಿದೆ. ನಮ್ಮಿಂದ ತೆಗೆದುಕೊಂಡ ಮೂಲ ಪತ್ರಗಳ ಪಟ್ಟಿ, ಸೀಲು ಸಹಿ ಹಾಕಿದ್ದು. ನೋಂದಣಿ ದಿನ ಬಂದವನು ಎಲ್ಲವನ್ನೂ ಕವರಿಗೆ ತುಂಬಿಕೊಂಡು ಹೋಗಿದ್ದ, ಪಟ್ಟಿ ಆಮೇಲೆ ಬರುತ್ತೆ ಅಂದಿದ್ದ. ಸಾಲ ತೀರಿದ ಮೇಲೆ 30 ದಿನದೊಳಗೆ ಪತ್ರ ವಾಪಸ್ ಕೊಡಬೇಕು, ಅವರಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ 2023ರ ಡಿಸೆಂಬರ್‌ನಿಂದ ನಿಯಮ ಇದೆ. ಆದರೆ ಯಾವ ಪತ್ರ ಕೊಟ್ಟಿದ್ದೆವು ಅನ್ನುವುದಕ್ಕೇ ದಾಖಲೆ ಇಲ್ಲದಿದ್ದರೆ ಇಪ್ಪತ್ತು ವರ್ಷದ ಮೇಲೆ ಯಾರನ್ನು ಕೇಳುವುದು?

ಪಟ್ಟಿ ಬಂತು. ಟೀಚರಮ್ಮ 1996ರಲ್ಲಿ ಸೈಟು ಕೊಂಡಾಗಿನ ಮೂಲ ಕ್ರಯಪತ್ರವೇ ಅದರಲ್ಲಿ ಇರಲಿಲ್ಲ. ಕವರಿಗೆ ಹಾಕುವ ಮೊದಲು ನಮ್ಮನೆಯವರು ಎಲ್ಲದರ ಫೋಟೋ ತೆಗೆದಿಟ್ಟಿದ್ದರು, ಕಂಪನಿಯವನ ಕೈಯೂ ಕಾಣುತ್ತದೆ ಅದರಲ್ಲಿ. ಫೋಟೋ ಸೇರಿಸಿ ಮೇಲ್ ಮಾಡಿದೆ. ಸ್ಟೋರೇಜ್ ಬೇರೆ ಊರಲ್ಲಿದೆ, ಹುಡುಕಿಸಬೇಕು ಅಂದರು. ಹುಡುಕಿಸಿದರು, ಸಿಕ್ಕಿತು. ತಿದ್ದಿದ ಪಟ್ಟಿ ಹೋದ ವಾರ ಸ್ಪೀಡ್ ಪೋಸ್ಟಿನಲ್ಲಿ ಬಂತು. 1996ರ ಕ್ರಯಪತ್ರ ಅದರಲ್ಲಿ ಏಳನೆಯದು.